ಕಂಬ ಹೇಳಿದ ಹಾಗೆ

ನಮ್ಮ ಕಚೇರಿಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಆ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಅದು ಬಳಕೆಯಾದದ್ದನ್ನು ನಾನು ಕಾಣೆ. ಊರಿಗೆಲ್ಲ ಅವನು ಮೈಕಣ್ಣ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಆದರೂ ಎಲ್ಲರ ಜೊತೆ ನಾನೂ ಹಾಗೇ ಕರೆಯುತ್ತಿದ್ದೆ. ಜೀಪಿನ ನೆತ್ತಿಗೆ ಎರಡು ಧ್ವನಿವರ್ಧಕ ಬಿಗಿದುಕೊಂಡು, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ತೆರಿಗೆ ಕಟ್ಟಲು ಇದೇ ಕೊನೆಯ ವಾರ, ಮಾರುಕಟ್ಟೆಯಲ್ಲಿ ಸಿಕ್ಕ ಕನ್ನಡಕವನ್ನು ಗುರುತು ಹೇಳಿ ಬಿಡಿಸಿಕೊಂಡು ಹೋಗಿ ಎಂದು ಬೀದಿ ಬೀದಿ ಸಾರುವುದು ಅವನ ಕೆಲಸ. ಅವನು ಸಾರಬೇಕಾದ ಸಾಲುಗಳನ್ನು ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಮೇಲಿನವರು 'ಸಾರ್ವಜನಿಕರ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಬರೆಸಿದ್ದನ್ನು ಅವನು ಜೀಪು ಹತ್ತಿದ ಕೂಡಲೇ 'ಅಕ್ಕಂದಿರೇ, ನಾಳೆ ನೀರಿಲ್ಲ, ಇವತ್ತೇ ಹಿಡಿದಿಟ್ಕೊಳ್ಳಿ' ಎಂದು ಮಾಡಿಬಿಡುತ್ತಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವನು ಆ ಬಾಯಿಂದಲೇ ಸರ್ಕಾರಿ ನೌಕರಿ ಹಿಡಿದು, ಮದುವೆಯಾಗಿ, ಕೆಳಗಿನ ಬೀದಿಯ ವಸತಿಗೃಹದಲ್ಲಿ ಸಂಸಾರ ಹೂಡಿದ್ದ.

ಅವನಿಗೆ ಒಬ್ಬಳು ಅಕ್ಕ. ತಾಯಿ ಬೇಗ ಹೋದ ಮೇಲೆ ಇವನನ್ನು ಎತ್ತಿ ಆಡಿಸಿದವಳು, ಬೈದು ಓದಿಸಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ಗುಡ್ಡದ ಬುಡಕ್ಕಿರುವ ಮೇಲಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು. ಊರಿನ ಅರ್ಧ ಮಕ್ಕಳ ಶಾಲೆ ಸಮವಸ್ತ್ರ ಅವಳ ಕೈಯಿಂದಲೇ ಇಳಿಯಬೇಕು. ಪೆಡಲು ತುಳಿದು ತುಳಿದು ಬಲಗಾಲಿನ ಮಂಡಿ ಸವೆದಿತ್ತು. ನಾಲಿಗೆ ಮಾತ್ರ ಎಳ್ಳಷ್ಟೂ ಸವೆದಿರಲಿಲ್ಲ. ನಾನು ರವಿಕೆ ಹೊಲಿಸಲು ಹೋದಾಗಲೆಲ್ಲ ಸುತ್ತಳತೆ ತೆಗೆಯುತ್ತಾ, 'ಕಚೇರಿ ಕುರ್ಚಿ ನಿನಗೆ ಚೆನ್ನಾಗಿ ಒಗ್ಗಿದೆ ಕಣೇ' ಅನ್ನುತ್ತಿದ್ದಳು. ಭಾನುವಾರ ಭಾನುವಾರ ಮೈಕಣ್ಣ ಹೋಗಿ ಅವಳ ಎದುರು ಸ್ಟೂಲಿನ ಮೇಲೆ ಕೂತು ವಾರಕ್ಕೆ ಬೇಕಾದಷ್ಟು ಸೂಜಿಗಳಿಗೆ ದಾರ ಪೋಣಿಸಿ ಕೊಟ್ಟು ಬರುತ್ತಿದ್ದ. ಊರಿಗೆಲ್ಲ ಕೂಗಿ ಹೇಳುವವನು ಅಲ್ಲಿ ಮಾತ್ರ ಬಾಯಿ ಬಿಡದೆ ಬೈಸಿಕೊಳ್ಳುತ್ತಿದ್ದ.

ಒಂದು ಮಳೆಗಾಲದಲ್ಲಿ ಮೇಲಿನ ಬೀದಿಯ ಹಿಂದೆ ಗುಡ್ಡದ ಒಂದು ತುಣುಕು ಕಳಚಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ಒಂದು ನೀರಿನ ತೊಟ್ಟಿ, ಒಂದು ಬಚ್ಚಲುಮನೆ ಮಣ್ಣಿನಡಿ ಹೋದವು. ಆದರೆ ಸರ್ಕಾರ ಎಚ್ಚರಾಯಿತು. ನಾನು ಸರ್ಕಾರದ ಉಪ್ಪು ತಿಂದವಳು, ಅದನ್ನು ಬೈಯುವ ಹಕ್ಕೂ ನನಗಿದೆ. ಆದರೂ ಸುಳ್ಳು ಹೇಳಲಾರೆ. ಈ ಸಲ ಕೆಲಸ ಕಾಗದದ ಮೇಲೆ ನಿಲ್ಲಲಿಲ್ಲ. ಭೂಮಿ ಪರೀಕ್ಷೆ ಮಾಡುವ ಮೇಡಂ ಒಬ್ಬರು ಬಂದು, ಬೂಟಿನ ತುಂಬ ಕೆಸರು ಮಾಡಿಕೊಂಡು ಇಡೀ ಗುಡ್ಡ ಹತ್ತಿಳಿದು, ಎಲ್ಲಿ ಅಪಾಯ ಎಲ್ಲಿ ಇಲ್ಲ ಎಂದು ನಕ್ಷೆಗೆ ಬಣ್ಣ ತುಂಬಿದರು. ಬೀದಿಯ ಹಿಂದೆ ಎತ್ತರದ ಕಲ್ಲಿನ ಗೋಡೆ ಎದ್ದಿತು, ಮಣ್ಣಿನೊಳಗಿನ ನೀರು ಹೊರಬರಲಿ ಎಂದು ಅದಕ್ಕೆ ಸಾಲಾಗಿ ಕೊಳವೆ ಇಟ್ಟರು. ಶಾಲೆಯ ಚಾವಣಿಯ ಮೇಲೆ ಮಳೆ ಅಳೆಯುವ ಯಂತ್ರ ಬಂತು. ಮೇಲಿನ ಬೀದಿಯ ಉದ್ದಕ್ಕೂ ಕಬ್ಬಿಣದ ಕಂಬ ನೆಟ್ಟು ತುದಿಗೆ ಧ್ವನಿವರ್ಧಕ ಕೂರಿಸಿದರು. ಮಳೆ ಒಂದು ಮಿತಿ ದಾಟಿತೋ, ಯಾರೂ ಗುಂಡಿ ಒತ್ತಬೇಕಾಗಿಲ್ಲ, ಕಂಬ ತಾನಾಗಿಯೇ ಕೂಗುತ್ತದೆ.

ಕೂಗುವ ದನಿ ಯಾರದಾಗಬೇಕು ಎಂದು ಸಭೆಯಲ್ಲಿ ಚರ್ಚೆಯೇ ಆಗಲಿಲ್ಲ. ಸಭಾಂಗಣದ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರು ಸುರಿಸುತ್ತಾ ಮೈಕಣ್ಣ ದನಿ ಕೊಟ್ಟ. 'ಮೇಲಿನ ಬೀದಿಯವರೇ, ಗುಡ್ಡ ಜಾರುವ ಭಯವಿದೆ. ಮನೆ ಬಿಟ್ಟು ಹೊರಡಿ. ಶಾಲೆ ಮೈದಾನಕ್ಕೆ ಬನ್ನಿ. ಓಡಬೇಡಿ, ನಡೆದು ಬನ್ನಿ.' ಇಷ್ಟೇ. ಇದು ಮುಗಿದ ಮೇಲೆ ಮತ್ತೆ ಮೊದಲಿನಿಂದ. ತನ್ನ ದನಿ ಆಕಾಶದಿಂದ ಬರುವುದನ್ನು ಮೊದಲ ಸಲ ಕೇಳಿದ ದಿನ ಅವನು ಕಚೇರಿಗೆಲ್ಲ ಚಹಾ ಕುಡಿಸಿದ.

ಆಗ ಒಂದು ಎಡವಟ್ಟಾಯಿತು. ಮೋಡ ಮುಚ್ಚಿದ ಒಂದು ಬೆಳಿಗ್ಗೆ, ಯಾರೋ ಪುಣ್ಯಾತ್ಮ ಬೀದಿಯಲ್ಲಿ 'ಗುಡ್ಡ ಬಂತು, ಓಡಿ, ಮೈಕಣ್ಣನೇ ಹೇಳಿದ' ಎಂದು ಕಿರುಚಿದ. ಮೈಕಣ್ಣ ಆ ಹೊತ್ತಿಗೆ ಕಚೇರಿಯಲ್ಲಿ ನನ್ನ ಮೇಜಿನ ಮುಂದೆಯೇ ಇದ್ದ. ಜನ ಮಕ್ಕಳು ಮರಿ ಎತ್ತಿಕೊಂಡು ಮೆಟ್ಟಿಲ ದಾರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬ ಮುದುಕನ ಸೊಂಟ ಮುರಿಯಿತು, ಒಂದು ಕೂಸಿನ ತೋಳು ಕಳಚಿತು. ಗುಡ್ಡ ಮಾತ್ರ ಕೂತಲ್ಲೇ ಕೂತಿತ್ತು. ಅವತ್ತು ಸಂಜೆ ನಾವೆಲ್ಲ ಸೇರಿ ಒಂದು ನಿಯಮ ಮಾಡಿದೆವು. ಯಾರ ಮಾತೂ ಬೇಡ, ಕಂಬದ ಮಾತೇ ಮಾತು. ಈ ಸಾಲು ಕಟ್ಟಿದ್ದು ಮೈಕಣ್ಣ, ಟೈಪ್ ಮಾಡಿದ್ದು ನಾನು. ಮೇಲಿನ ಬೀದಿಯ ಪ್ರತಿ ಬಾಗಿಲಿಗೂ ಅದನ್ನು ಅಂಟಿಸಿದರು. ಅವನು ಜೀಪಿನಲ್ಲಿ ಎಷ್ಟು ಸಲ ಸಾರಿದನೆಂದರೆ ಬೀದಿಯ ಮಕ್ಕಳು ಅದನ್ನು ಹೇಳಿಕೊಂಡು ಕುಂಟಾಬಿಲ್ಲೆ ಆಡುತ್ತಿದ್ದರು.

ಊರೆಲ್ಲ ಕಲಿತರೂ ಅಕ್ಕ ಕಲಿಯಲಿಲ್ಲ. ಅಣಕು ಕಾರ್ಯಾಚರಣೆ ಎಂದು ಆಗಾಗ ಕಂಬ ಕೂಗಿಸಿ ಜನರನ್ನು ಮೈದಾನಕ್ಕೆ ನಡೆಸುತ್ತಿದ್ದರು. ಬೀದಿಗೆ ಬೀದಿಯೇ ಇಳಿದು ಬಂದರೂ ಅಕ್ಕನ ಯಂತ್ರದ ಸದ್ದು ನಿಲ್ಲುತ್ತಿರಲಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನುವ ಹಾಗೆ ಅವಳಿಗೆ ಎಲ್ಲದರಲ್ಲೂ ತಪ್ಪೇ. ಮೈದಾನದಲ್ಲಿ ಕೂರಲು ಜಾಗವಿಲ್ಲ, ಕಾಜಾ ಅರ್ಧಕ್ಕೆ ನಿಂತಿದೆ, ಅಣಕು ಅಂದ ಮೇಲೆ ನಿಜ ಅಲ್ಲವಲ್ಲ. ಮೈಕಣ್ಣ ಹೇಳಿ ಹೇಳಿ ಸೋತ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಒಂದು ಸಭೆಯಲ್ಲಿ ನಮ್ಮ ಕಚೇರಿಯ ಸಾಹೇಬರು ನಗುತ್ತಲೇ, 'ನಿಮ್ಮ ಮನೆಯವರೇ ಬರದಿದ್ದರೆ ಊರಿಗೆ ಯಾವ ಬಾಯಿಂದ ಹೇಳ್ತೀರಿ' ಅಂದುಬಿಟ್ಟರು. ಅವನ ಮುಖ ಕಪ್ಪಿಟ್ಟಿತು.

ಆ ಭಾನುವಾರ ನಾನೂ ಅಕ್ಕನ ಮನೆಯಲ್ಲಿದ್ದೆ, ತೋಳಿನ ಅಳತೆ ಸರಿಮಾಡಿಸಲು ಹೋಗಿದ್ದೆ. ಮೈಕಣ್ಣ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ತಲೆ ಬಗ್ಗಿಸಿ ಕೂತಿದ್ದ. ಕೊನೆಗೆ ಹೇಳಿದ.

"ಅಕ್ಕ, ಕಂಬ ಕೂಗಿದಾಗಲೆಲ್ಲ ನಾನು ಕೆಳಗೆ ನಿಂತು ಬರೋರ ಮುಖ ನೋಡ್ತಾ ಇರ್ತೀನಿ. ಊರೆಲ್ಲ ಬಂದ್ರೂ ನನಗೆ ಯಾರೂ ಬಂದ ಹಾಗಾಗಲ್ಲ."

ಅಕ್ಕ ಯಂತ್ರ ನಿಲ್ಲಿಸಿದಳು. ಬಹಳ ಹೊತ್ತು ಬಟ್ಟೆಯ ಅಂಚನ್ನೇ ಉಗುರಿನಿಂದ ತೀಡಿದಳು.

"ಅಳಬೇಡ. ಬರ್ತೀನಿ," ಅಂದಳು. ಅವನು ಅತ್ತಿರಲಿಲ್ಲ. ಅಳುವ ಹಂತದಲ್ಲಿದ್ದ ಅನ್ನುವುದಂತೂ ನಿಜ.

ಮುಂದಿನ ಸಲ ಬಂದಳು. ಎಲ್ಲರಿಗಿಂತ ಕೊನೆಗೆ, ಮಂಡಿ ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ಸರ್ಕಾರಕ್ಕೆ ಶಾಪ ಹಾಕುತ್ತಾ ಬಂದಳು. ಜನ ಚಪ್ಪಾಳೆ ತಟ್ಟಿದರು. ಮೈಕಣ್ಣ ಖುಷಿಪಡುವುದು ಬಿಟ್ಟು ಬೈದ. ಈ ಕಾಲು ಇಟ್ಟುಕೊಂಡು ಕೊನೆಗೆ ಹೊರಟರೆ ಮಣ್ಣೇ ಮೊದಲು ಮುಟ್ಟುತ್ತದೆ, ನೀನು ಎಲ್ಲರಿಗಿಂತ ಮೊದಲು ಹೊರಡಬೇಕು, ಕಂಬದ ಮೊದಲ ಮಾತಿಗೇ ಏಳಬೇಕು ಎಂದ. ಯಾರೇ ಬಂದು ಏನೇ ಹೇಳಲಿ, ಮೈಕಣ್ಣ ಹೇಳಿದ ಎಂದೇ ಹೇಳಲಿ, ಕಿವಿಗೆ ಹಾಕಿಕೊಳ್ಳಬೇಡ, ಕಂಬ ಏನು ಹೇಳುತ್ತದೋ ಅಷ್ಟನ್ನೇ ಮಾಡು ಎಂದು ಮಕ್ಕಳಿಗೆ ಮಗ್ಗಿ ಕಲಿಸುವ ಹಾಗೆ ಅವಳ ಬಾಯಲ್ಲೇ ಹೇಳಿಸಿದ. ಅಕ್ಕನ ಸ್ವಭಾವವೇ ಹಾಗೆ, ಹಿಡಿಯುವುದಿಲ್ಲ, ಹಿಡಿದರೆ ಬಿಡುವುದಿಲ್ಲ. ಆಮೇಲಿನ ಅಣಕಿನಲ್ಲೆಲ್ಲ ಮೊದಲು ಬಂದವಳು ಅವಳೇ. ಬಾಗಿಲ ಹಿಂದಿನ ಮೊಳೆಗೆ ಸದಾ ಒಂದು ಚೀಲ ತಯಾರು. ಮೈದಾನದ ಕಲ್ಲು ಕಟ್ಟೆಯ ಮೇಲೆ ತಗಡಿನ ನೆರಳಿನಲ್ಲಿ ಕೂತು, ತಡವಾಗಿ ಬಂದವರಿಗೆ ಮಂಗಳಾರತಿ. ಮೈಕಣ್ಣನಿಗಿಂತ ಅಕ್ಕನ ಮೈಕೇ ಜೋರು ಎಂದು ಜನ ನಗುತ್ತಿದ್ದರು. ಮೈಕಣ್ಣ ಅವಳನ್ನು ನೋಡಿ ನೆಮ್ಮದಿಯಿಂದ ಉಸಿರು ಬಿಡುತ್ತಿದ್ದ. ನನಗೂ ಎಷ್ಟೋ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಭೂಮಿ ಪರೀಕ್ಷೆಯ ಮೇಡಂ ಮತ್ತೆ ಬಂದರು. ಗುಡ್ಡದ ಮೇಲುಭಾಗದಲ್ಲಿ ಹೊಸ ಬಿರುಕು ಕಂಡಿತ್ತು. ಅದು ಜಾರಿದರೆ ಬೀದಿಯ ಕಡೆಗೆ ಬರುವುದಿಲ್ಲ, ಗೋಡೆ ತಡೆಯುತ್ತದೆ. ಪಕ್ಕದ ಹಳ್ಳಕ್ಕೆ ಇಳಿದು ನೇರವಾಗಿ ಶಾಲೆ ಮೈದಾನಕ್ಕೆ ಬಂದು ಬೀಳುತ್ತದೆ ಎಂದು ನಕ್ಷೆ ತೋರಿಸಿ ಹೇಳಿದರು. ಜನ ಸೇರುವ ಜಾಗ ಬದಲಾಗಲೇಬೇಕು. ಯಾರೂ ವಾದಿಸಲಿಲ್ಲ. ರಸ್ತೆಯಾಚೆಯ ಬಸ್ ಡಿಪೋ ಎಂದು ತೀರ್ಮಾನವಾಯಿತು. ಬಣ್ಣ ಬಳಿಯುವವನು ಬಾಣದ ಗುರುತುಗಳನ್ನೆಲ್ಲ ಡಿಪೋ ಕಡೆಗೆ ತಿರುಗಿಸಿದ. ಮೈಕಣ್ಣ ಮತ್ತೆ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬಸ್ ಡಿಪೋಗೆ ಬನ್ನಿ ಎಂದು ಹೊಸ ದನಿ ಕೊಟ್ಟ.

ಆ ದನಿಯನ್ನು ಕಂಬದೊಳಗೆ ಹಾಕುವುದೊಂದು ಬಾಕಿ. ಅದನ್ನು ಮಾಡಬೇಕಾದವರು ಯಂತ್ರ ಕೂರಿಸಿದ ಕಂಪನಿಯವರು. ದನಿ ತುಂಬಿಟ್ಟ ಪೆಟ್ಟಿಗೆಯ ಗುಪ್ತಸಂಖ್ಯೆ ಅವರ ಹತ್ತಿರ. ಅವರ ಕರಾರು ಮುಗಿದಿತ್ತು, ಹೊಸ ಕರಾರಿಗೆ ರಾಜಧಾನಿಯಿಂದ ಒಪ್ಪಿಗೆ ಬರಬೇಕಿತ್ತು. ಒಪ್ಪಿಗೆಯೂ ಬಂತು. ಆಮೇಲೆ ಕಂಪನಿಯವನು ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಅದೇ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಅಲ್ಲಿಯವರೆಗೆ ಕಂಬಗಳ ಬಾಯಿ ಮುಚ್ಚಿಸೋಣವೇ ಎಂದು ಸಭೆಯಲ್ಲಿ ಕೇಳಿದ್ದು ಮೈಕಣ್ಣನೇ. ಸಾಹೇಬರು ತುಂಬ ಯೋಚಿಸಿದರು. ಕಂಬ ಮೂಕಾದರೆ ಗುಡ್ಡ ಜಾರುವಾಗ ಜನ ಮಲಗಿಯೇ ಇರುತ್ತಾರೆ. ಕೂಗಿದರೆ ಕಡೇಪಕ್ಷ ಮನೆಯಿಂದ ಹೊರಗೆ ಬರುತ್ತಾರೆ. ಮೆಟ್ಟಿಲ ಕೆಳಗಿನ ತಿರುವಿನಲ್ಲಿ ಸ್ವಯಂಸೇವಕರನ್ನು ನಿಲ್ಲಿಸಿದರೆ ಬಂದವರನ್ನು ಡಿಪೋ ಕಡೆಗೆ ತಿರುಗಿಸಬಹುದು. ಮೇಡಂ ಒಪ್ಪಿದರು, ಮೈಕಣ್ಣ ಒಪ್ಪಿದ, ಕೇಳಿದ್ದರೆ ನಾನೂ ಒಪ್ಪುತ್ತಿದ್ದೆ. ತಪ್ಪು ಹುಡುಕಲು ನಾನು ಆ ಸಭೆಯನ್ನು ಎಷ್ಟೋ ಸಲ ತಲೆಯಲ್ಲಿ ನಡೆಸಿ ನೋಡಿದ್ದೇನೆ. ಪ್ರತಿ ಸಲವೂ ಅದೇ ತೀರ್ಮಾನಕ್ಕೆ ಬರುತ್ತೇನೆ.

ಮೈಕಣ್ಣ ಸುಮ್ಮನೆ ಕೂರಲಿಲ್ಲ. ಜೀಪಿನಲ್ಲಿ ಸಾರಿದ, ಸಾಲದೆಂದು ಮನೆ ಮನೆಗೆ ನಡೆದು ಹೇಳಿದ. ಅಕ್ಕನಿಗೂ ಹೇಳಿದ. ಹಳ್ಳ ಎಲ್ಲಿದೆ, ಮಣ್ಣು ಹೇಗೆ ಬರುತ್ತದೆ ಎಂದು ಅವಳ ಸೀಮೆಸುಣ್ಣದಿಂದಲೇ ಕತ್ತರಿಸುವ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ. ಅಕ್ಕ ಎಲ್ಲ ಕೇಳಿಸಿಕೊಂಡು, ಸರಿ, ಡಿಪೋನೇ ಒಳ್ಳೇದು, ಅಲ್ಲಿ ಕೂರಲು ಬೆಂಚಿದೆ ಅಂದಳಂತೆ. ಕಂಬ ಯಾವಾಗ ಹೇಳುತ್ತದೆ ಎಂದು ಕೇಳಿದಳಂತೆ. ಈ ವಾರದಲ್ಲೇ ಹೇಳುತ್ತದೆ ಎಂದು ಇವನು ಹೇಳಿ ಬಂದ. ಕಂಪನಿಯವನು ಅವನಿಗೆ ಹಾಗೆ ಮಾತು ಕೊಟ್ಟಿದ್ದ.

ಮಳೆ ಹಿಡಿದದ್ದು ಬಿಡಲಿಲ್ಲ. ಗೋಡೆಯ ಕೊಳವೆಗಳಿಂದ ಕೆಂಪು ನೀರು ಸುರಿಯತೊಡಗಿತು. ಆ ಮಧ್ಯಾಹ್ನ ಶಾಲೆಗೆ ರಜೆ ಕೊಟ್ಟು, ನಮ್ಮನ್ನೆಲ್ಲ ಡಿಪೋಗೆ ಕಳುಹಿಸಿದರು. ಬಸ್ಸುಗಳನ್ನು ಹೊರಗೆ ಸಾಗಿಸಿ, ಎಣ್ಣೆ ಕಲೆಯ ನೆಲದ ಮೇಲೆ ಜಮಖಾನ ಹಾಸಿದೆವು. ಹೊದಿಕೆಗಳ ಉಸ್ತುವಾರಿ ನನ್ನದು. ಮೈಕಣ್ಣ ಕೈಮೈಕು ಹಿಡಿದು ಗೇಟಿನಲ್ಲಿ ನಿಂತಿದ್ದ, ಬಂದವರನ್ನು ಒಳಗೆ ಕಳುಹಿಸುವುದು ಅವನ ಪಾಲು. ಜಾಗ ಬಿಟ್ಟು ಕದಲಬಾರದೆಂದು ಅಪ್ಪಣೆಯಾಗಿತ್ತು. ಸ್ವಯಂಸೇವಕರು ತಿರುವಿನ ಕಡೆಗೆ ಹೊರಟಿದ್ದರು. ದಾರಿಯಲ್ಲಿ, ಹಿಂದೆ ಸೊಂಟ ಮುರಿದುಕೊಂಡಿದ್ದ ಆ ಮುದುಕನನ್ನು ಮಂಚ ಸಮೇತ ಇಳಿಸಿಕೊಡಿ ಎಂದು ಅವನ ಸೊಸೆ ಅಂಗಲಾಚಿದ್ದಕ್ಕೆ ಅಲ್ಲಿ ನಿಂತರು. ನಿಲ್ಲದೆ ಏನು ಮಾಡುತ್ತಾರೆ?

ಆಗಲೇ ಕಂಬ ಕೂಗಿತು. 'ಮೇಲಿನ ಬೀದಿಯವರೇ, ಗುಡ್ಡ ಜಾರುವ ಭಯವಿದೆ.' ಮಳೆಯ ಸದ್ದನ್ನೂ ಸೀಳಿಕೊಂಡು, ಅಣಕಿನ ದಿನ ಎಷ್ಟು ತಣ್ಣಗೆ ಕೂಗುತ್ತಿತ್ತೋ ಅಷ್ಟೇ ತಣ್ಣಗೆ ಕೂಗಿತು. ಶಾಲೆ ಮೈದಾನಕ್ಕೆ ಬನ್ನಿ ಎಂಬಲ್ಲಿಗೆ ಬಂದಾಗ ಮೈಕಣ್ಣ ಕಣ್ಣು ಮುಚ್ಚಿಕೊಂಡ.

ಸ್ವಲ್ಪ ಹೊತ್ತಿನಲ್ಲೇ ಜನ ಬರತೊಡಗಿದರು. ಸ್ವಯಂಸೇವಕರು ತಿರುವು ಸೇರಿಕೊಂಡು ಎಲ್ಲರನ್ನೂ ಇತ್ತ ತಿರುಗಿಸುತ್ತಿದ್ದರು. ಯೋಜನೆ ನಡೆಯುತ್ತಿತ್ತು, ಅದನ್ನು ನಾನು ಕಣ್ಣಾರೆ ಕಂಡೆ. ಮಂಚದ ಮೇಲೆ ಮುದುಕ ಬಂದ, ಕೂಸುಗಳು ಬಂದವು, ಮಾತಾಡುವ ಗಿಳಿಯ ಪಂಜರವೂ ಬಂತು. ಮೈಕಣ್ಣ ಎಲ್ಲರ ಮುಖ ನೋಡಿ ಒಳಗೆ ಕಳುಹಿಸುತ್ತಿದ್ದ. ಅವನ ಕಣ್ಣು ಯಾರನ್ನು ಹುಡುಕುತ್ತಿದೆ ಎಂದು ನನಗೆ ಗೊತ್ತಿತ್ತು. ಅಣಕಿನಲ್ಲಿ ಮೊದಲು ಬರುವವಳು ಇನ್ನೂ ಬಂದಿರಲಿಲ್ಲ.

ಅಕ್ಕನ ಪಕ್ಕದ ಮನೆಯ ಇಸ್ತ್ರಿಯವಳು ತಲೆಯ ಮೇಲೆ ಗಂಟು ಹೊತ್ತು ಬಂದಾಗ ಅವನು ಅಡ್ಡ ನಿಂತು ಕೇಳಿದ. ಅವಳು ಅವನನ್ನೇ ವಿಚಿತ್ರವಾಗಿ ನೋಡಿದಳು.

"ಅಕ್ಕ ಆಗಲೇ ಹೊರಟ್ರಲ್ಲಣ್ಣ. ಕಂಬ ಬಾಯಿ ಬಿಟ್ಟ ಕೂಡಲೇ ಚೀಲ ತಗೊಂಡು ಹೊರಟ್ರು. ತಿರುವಿನಲ್ಲಿ ಅವರನ್ನ ಇತ್ತ ಕಳಿಸಲಿಲ್ವಾ?"

ಅಕ್ಕ ತಿರುವು ದಾಟುವಾಗ ಸ್ವಯಂಸೇವಕರು ಇನ್ನೂ ಮುದುಕನ ಮಂಚದ ಹತ್ತಿರವೇ ಇದ್ದಿರಬೇಕು. ಮೈಕಣ್ಣ ಮೊದಲು ಫೋನು ಹಚ್ಚಿದ, ನಿಯಂತ್ರಣ ಕೊಠಡಿಗೆ. ಕಂಬ ನಿಲ್ಲಿಸಿ ಎಂದ. ಆ ಕಡೆಯವರು ಮೇಲೆ ಇನ್ನೂ ಕೆಲವು ಮನೆಗಳಲ್ಲಿ ಜನ ಇದ್ದಾರೆ, ಈಗ ನಿಲ್ಲಿಸಿದರೆ ಅಪಾಯ ಕಳೆಯಿತು ಎಂದು ಹೊರಟವರೂ ವಾಪಸು ಹೋಗುತ್ತಾರೆ ಅಂದರು. ಅದೂ ಸರಿಯೇ. ಅವನು ಫೋನು ಕೆಳಗಿಟ್ಟು, ಕೈಮೈಕನ್ನು ಮೈದಾನದ ದಿಕ್ಕಿಗೆ ತಿರುಗಿಸಿ ಕೂಗಿದ. ಮೈದಾನಕ್ಕೆ ಹೋಗಬೇಡಿ, ಡಿಪೋಗೆ ಬನ್ನಿ, ಅಕ್ಕ, ಡಿಪೋಗೆ ಬಾ. ಮೇಲಿನಿಂದ ಅವನದೇ ದನಿ, ಮೈದಾನಕ್ಕೆ ಬನ್ನಿ, ಓಡಬೇಡಿ, ನಡೆದು ಬನ್ನಿ ಅನ್ನುತ್ತಿತ್ತು. ಗೇಟಿನಲ್ಲಿದ್ದವರು ಒಮ್ಮೆ ಅವನ ಮುಖ, ಒಮ್ಮೆ ಆಕಾಶ ನೋಡಿದರು. ಅವನ ಕೈಯಲ್ಲಿದ್ದದ್ದು ಡಿಪೋದ ಕಾಂಪೌಂಡು ದಾಟದ ಆಟಿಕೆಯಂಥ ಮೈಕು. ಕಂಬದ ದನಿ ಊರಾಚೆಗೂ ಕೇಳುತ್ತಿತ್ತು.

ಮೈಕು ಬಿಸಾಡಿ ಓಡಿದ. ನಾನು ಹೊದಿಕೆಗಳನ್ನು ಹಾಗೇ ಬಿಟ್ಟು ಹಿಂದೆ ಓಡಿದೆ. ರಸ್ತೆ ದಾಟುವಷ್ಟರಲ್ಲಿ ಸದ್ದು ಬಂತು. ದೊಡ್ಡ ಸದ್ದೇನೂ ಅಲ್ಲ, ದೂರದಲ್ಲಿ ಯಾರೋ ಲಾರಿಯಿಂದ ಜಲ್ಲಿ ಸುರಿದ ಹಾಗೆ, ಸುರಿಯುತ್ತಲೇ ಇದ್ದ ಹಾಗೆ. ಮೇಡಂ ನಕ್ಷೆಯಲ್ಲಿ ತೋರಿಸಿದ ದಾರಿಯಲ್ಲೇ, ಗೆರೆ ತಪ್ಪದೆ, ಗುಡ್ಡದ ಮೇಲುಭಾಗ ಹಳ್ಳಕ್ಕಿಳಿದು ಮೈದಾನಕ್ಕೆ ಬಂತು. ಕಲ್ಲು ಕಟ್ಟೆ ಇದ್ದ ಕಡೆ ಏನೂ ಕಾಣಲಿಲ್ಲ. ಮಣ್ಣಿನೊಳಗಿಂದ ತಗಡಿನ ಒಂದು ಮೂಲೆ ಮೇಲಕ್ಕೆ ಚಾಚಿತ್ತು. ಮೈಕಣ್ಣ ಅಲ್ಲಿಗೆ ಹೋಗಲು ನೋಡಿದ. ಇನ್ನೂ ಬರುತ್ತಿದೆ ಎಂದು ನಾಲ್ಕು ಜನ ಅವನನ್ನು ಹಿಡಿದುಕೊಂಡರು. ಅವನು ಅಕ್ಕನನ್ನು ಕೂಗಲು ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಕಂಬ ಇನ್ನೂ ಕರೆಯುತ್ತಲೇ ಇತ್ತು. ನಾನು ಕಿವಿ ಮುಚ್ಚಿಕೊಂಡೆ.

ಆ ಮಧ್ಯಾಹ್ನ ಸತ್ತವಳು ಅವಳೊಬ್ಬಳೇ. ಮೇಲಿನ ಬೀದಿಯ ಹಿಂದಿನ ಗೋಡೆ ಕದಲಲಿಲ್ಲ, ಬೀದಿಯ ಒಂದು ಹೆಂಚೂ ಬೀಳಲಿಲ್ಲ. ಮೂರನೆಯ ದಿನವೋ ಏನೋ ನಾವು ಅಕ್ಕನ ಮನೆಗೆ ಹೋದಾಗ ಯಂತ್ರದ ಮೇಲೆ ಒಂದು ಪುಟ್ಟ ಅಂಗಿ, ಕಾಲರು ಹಾಕಿದ್ದು, ಗುಂಡಿ ಹಾಕದ್ದು, ಒಂದು ಹನಿ ನೀರೂ ತಾಗದೆ ಹಾಗೇ ಇತ್ತು. ಹಟ ಮಾಡಿ ಮನೆಯಲ್ಲೇ ಕೂತಿದ್ದರೆ ಅದನ್ನು ಮುಗಿಸುತ್ತಿದ್ದಳು ಅನ್ನುವುದು ನನ್ನ ತಲೆಗೆ ಬಂತು. ಮೈಕಣ್ಣನ ತಲೆಗೂ ಬಂದಿರಬೇಕು.

ಇಸ್ತ್ರಿಯವಳು ಬಂದು ಬಾಗಿಲಲ್ಲಿ ನಿಂತಳು. ಹೇಳಲೋ ಬೇಡವೋ ಎಂದು ಸೆರಗು ತಿರುಚಿದಳು, ಆಮೇಲೆ ಹೇಳಿದಳು. ಅಕ್ಕ ಮೆಟ್ಟಿಲಿಳಿಯುವಾಗ ಇವಳು ಕಿಟಕಿಯಿಂದ, ಅಕ್ಕ, ಡಿಪೋ ಅಲ್ಲವಾ, ಮೈಕಣ್ಣ ಬಂದು ಹೇಳಿದ್ದನಲ್ಲ ಎಂದು ಕೂಗಿ ಕೇಳಿದ್ದಳಂತೆ. ಅಕ್ಕ ಅಲ್ಲೇ ನಿಂತು ಕಂಬದ ಮಾತು ಇನ್ನೊಂದು ಸುತ್ತು ಪೂರ್ತಿ ಕೇಳಿದ್ದಳು.

"'ಅವನೇ ಹೇಳಿಕೊಟ್ಟಿದಾನೆ ಕಣೇ, ಯಾರು ಏನೇ ಅಂದ್ರೂ ಕಂಬ ಹೇಳಿದ ಹಾಗೆ ಮಾಡು ಅಂತ. ನಾನು ಹೋಗದಿದ್ರೆ ಅವನು ಕೆಳಗೆ ಮುಖ ನೋಡ್ತಾ ನಿಂತಿರ್ತಾನೆ,' ಅಂದ್ರು ಅಣ್ಣ. ಅಂದು ಹೋದ್ರು."

ಮೈಕಣ್ಣ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಅವನನ್ನು ಎಬ್ಬಿಸಿ ಮನೆಗೆ ಕರೆದೊಯ್ಯಲು ಅವನ ಹೆಂಡತಿಯೇ ಬರಬೇಕಾಯಿತು.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ತಾಳ್ಮೆಯ ಮನುಷ್ಯ, ಕೆಟ್ಟವರಲ್ಲ. ಎಲ್ಲರ ಮಾತೂ ಕೇಳಿದರು, ಕಂಪನಿಯವನಿಗೆ ಚೆನ್ನಾಗಿ ಝಾಡಿಸಿದರು, ಅವನು ಅವತ್ತೇ ಬಂದು ಹೊಸ ದನಿ ಹಾಕಿ ಹೋದ. ಅಷ್ಟು ಸುಲಭದ ಕೆಲಸ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೊನೆಯ ದಿನ ಅವರು ವರದಿ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಮೈಕಣ್ಣ ಸಾಕ್ಷಿಯಾಗಿ ಎದುರಿನ ಕುರ್ಚಿಯಲ್ಲಿದ್ದ. 'ಸ್ಥಳ ಬದಲಾವಣೆಯ ಮಾಹಿತಿಯನ್ನು ಮೃತರಿಗೆ ಮುಂಚಿತವಾಗಿ ಖುದ್ದಾಗಿ ತಿಳಿಸಲಾಗಿದ್ದು, ಅವರು ಸದರಿ ಸೂಚನೆಯನ್ನು ಪಾಲಿಸಿರುವುದಿಲ್ಲ' ಎಂದು ಬರೆಸಿದರು. ನನ್ನ ಬೆರಳು ನಿಂತವು.

"ಸರ್, ಅವಳು ಪಾಲಿಸಿದಳು," ಅಂದ ಮೈಕಣ್ಣ. ಎಷ್ಟೋ ದಿನದ ಮೇಲೆ ಅವನ ದನಿ ಕೇಳಿದ್ದೆ, ಪಿಸುಮಾತಿನಷ್ಟಿತ್ತು.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮಗೂ ಗೊತ್ತು ಅಂದರು. ಕಂಪನಿಯ ತಪ್ಪು, ಕಚೇರಿಯ ತಡ, ಎಲ್ಲವನ್ನೂ ಇದೇ ವರದಿಯಲ್ಲಿ ಬರೆಸಿದ್ದೇನೆ, ಯಾರನ್ನೂ ಉಳಿಸುತ್ತಿಲ್ಲ ಅಂದರು. ಅದು ನಿಜ, ನಾನೇ ಟೈಪ್ ಮಾಡಿದ್ದೆ. ಆಮೇಲೆ ಮೆಲ್ಲಗೆ ಕೇಳಿದರು.

"ಈ ವರದಿ ನಾಳೆ ಊರಿಗೆಲ್ಲ ಗೊತ್ತಾಗುತ್ತೆ. ಕಂಬ ಹೇಳಿದ ಹಾಗೆ ಮಾಡಿದ್ದಕ್ಕೇ ಒಬ್ಬರು ಸತ್ತರು ಅಂತ ಬರೆದರೆ, ಇನ್ನೊಂದು ಸಲ ಕಂಬ ಕೂಗಿದಾಗ ಮೇಲಿನ ಬೀದಿಯಲ್ಲಿ ಯಾರು ಬಾಗಿಲು ತೆಗೀತಾರೆ? ನೀವೇ ಹೇಳಿ. ನೀವು ಹೇಗೆ ಹೇಳ್ತೀರೋ ಹಾಗೆ ಬರೆಸ್ತೀನಿ."

ನನಗೆ ಅವನು ಎದ್ದು ನಿಂತು ಮೇಜು ಗುದ್ದಬೇಕು ಅನ್ನಿಸಿತು. ಅಕ್ಕ ಪಾಲಿಸಿದಳು, ಊರಲ್ಲಿ ಪಾಲಿಸಿದವಳು ಅವಳೊಬ್ಬಳೇ, ಹಾಗೇ ಬರೆಯಿರಿ ಎಂದು ಕಿರುಚಬೇಕು ಅನ್ನಿಸಿತು. ಅವನು ಬಾಯಿ ಬಿಡದಿದ್ದರೆ ನಾನೇ ಬಿಡುತ್ತೇನೆ ಎಂದೂ ಅಂದುಕೊಂಡೆ. ಮೈಕಣ್ಣ ಕಿಟಕಿಯ ಕಡೆ ನೋಡುತ್ತಿದ್ದ. ಹೊರಗೆ ಮತ್ತೆ ಹನಿ ಶುರುವಾಗಿತ್ತು. ಮೇಲಿನ ಬೀದಿಯ ಮನೆಗಳಿಂದ ಅಡುಗೆಯ ಹೊಗೆ ಏಳುತ್ತಿತ್ತು, ಯಾರೋ ಒಣಹಾಕಿದ ಬಟ್ಟೆ ಒಳಗೆಳೆದುಕೊಳ್ಳುತ್ತಿದ್ದರು.

"ನೀವು ಹೇಳಿದ ಹಾಗೇ ಇರಲಿ ಸರ್," ಅಂದ.

ನಾನು ಕೈ ಕಟ್ಟಿಕೊಂಡು ಕೂತುಬಿಟ್ಟೆ. ಅವನು ನನ್ನ ಕಡೆ ತಿರುಗಿದ. ಆ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ.

"ಮಳೆಗಾಲ ಇನ್ನೂ ಮುಗಿದಿಲ್ಲ ಮೇಡಂ. ಟೈಪ್ ಮಾಡಿ," ಅಂದ.

ಮಾಡಿದೆ. ಅವನು ಸಹಿ ಹಾಕಿದ.